ತಲೆಯೆಣಿಕೆಯೂ ದಾರಿಯ ಹಕ್ಕೂ

ಜನವಿರುವಲ್ಲಿಗೆ ದಾರಿ ಹೋಗುವುದೋ, ದಾರಿಯಿರುವಲ್ಲಿಗೆ ಜನ ಬರುವುದೋ ಎಂಬ ಪ್ರಶ್ನೆ ಮೇಲುನೋಟಕ್ಕೆ ಬೀಜವೃಕ್ಷನ್ಯಾಯದ ಚರ್ಚೆಯಂತೆ ತೋರಬಹುದು. ಆದರೆ ಆಂಧ್ರಪ್ರದೇಶದ ಎರಡು ಮಹಾನಗರಗಳ ಚರಿತ್ರೆಯನ್ನು ಮನಸ್ಸಿಟ್ಟು ಓದಿದವರಿಗೆ ಅದರ ಉತ್ತರ ಅಷ್ಟೇನೂ ಸಂದಿಗ್ಧವಾಗಿ ಉಳಿಯದು. ಇಂದು ವಿಜಯವಾಡವೆನಿಸಿಕೊಂಡಿರುವ ಬೆಜವಾಡ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕೃಷ್ಣೆಯ ದಂಡೆಯ ಒಂದು ಸಾಮಾನ್ಯ ಊರು. 1852ರಲ್ಲಿ ಮೊದಲಾಗಿ 1855ರಲ್ಲಿ ಮುಗಿದ ಕೃಷ್ಣಾ ಅಣೆಕಟ್ಟಿನಿಂದ ಹೊರಟ ಕಾಲುವೆಗಳು ಗದ್ದೆಗಳಿಗೆ ನೀರೂಡಿಸಿದುದಲ್ಲದೆ ಸರಕಿನ ದೋಣಿಗಳಿಗೂ ಮಾರ್ಗವಾದವು. ಏಲೂರು ಕಾಲುವೆಯ ಮೂಲಕ ಗೋದಾವರಿಯ ಸೀಮೆಗೂ, ಬಕಿಂಗ್‌ಹ್ಯಾಮ್ ಕಾಲುವೆಯ ಮೂಲಕ ಮದರಾಸಿಗೂ ಜಲಪಥವೇರ್ಪಟ್ಟಿತು. ಆಮೇಲೆ ನಿಜಾಮರ ರೈಲುಹಾದಿಯೂ, ನಮ್ಮ ಹುಬ್ಬಳ್ಳಿ ಧಾರವಾಡಗಳನ್ನು ಹೊರಜಗತ್ತಿಗೆ ಬೆಸೆದ ಸದರ್ನ್ ಮರಾಠಾ ರೈಲ್ವೆಯೂ, ಮದರಾಸಿನಿಂದ ಕಲ್ಕತ್ತೆಯ ಕಡೆಗೆ ಸಾಗಿದ ಕರಾವಳಿಯ ಹಾದಿಯೂ ಅಲ್ಲಿ ಬಂದು ಕೂಡಿದುವು. 1881ರಲ್ಲಿ ಹತ್ತು ಸಾವಿರವನ್ನೂ ಮುಟ್ಟದಿದ್ದ ಊರಿನ ಜನಸಂಖ್ಯೆ 1901ರಲ್ಲಿ 24,224 ಆಯಿತು. 2011ರ ಹೊತ್ತಿಗೆ ಹತ್ತು ಲಕ್ಷವನ್ನು ದಾಟಿತು. ವಿಶಾಖಪಟ್ಟಣದ ಕಥೆಯೂ ಇದಕ್ಕಿಂತ ಬೇರೆಯಲ್ಲ. 1901ರಲ್ಲಿ 40,892 ಮಂದಿಯಿದ್ದ ಆ ಪಟ್ಟಣಕ್ಕೆ ಮಧ್ಯಪ್ರಾಂತದ ಮ್ಯಾಂಗನೀಸ್ ಅದಿರನ್ನು ತರಲು ರಾಯಪುರದಿಂದ ವಿಜಯನಗರಂವರೆಗೆ ಹಳಿ ಹಾಸಿದರು. 1933ರ ಡಿಸೆಂಬರಿನಲ್ಲಿ ವೈಸರಾಯ್ ವಿಲಿಂಗ್‌ಡನ್ ಬಂದರನ್ನು ಉದ್ಘಾಟಿಸಿದ. 2011ರ ಗಣತಿಯಲ್ಲಿ ಅಲ್ಲಿ ಹದಿನೇಳು ಲಕ್ಷಕ್ಕೆ ಮೇಲ್ಪಟ್ಟು ಜನರಿದ್ದರು.

ಈ ಎರಡು ಸ್ಥಳಗಳಲ್ಲಿ ಅಣೆಕಟ್ಟು, ಸೇತುವೆ, ಬಂದರುಗಳನ್ನು ಕಟ್ಟಿದವರು ‘ಇಲ್ಲಿ ಈಗ ಎಷ್ಟು ತಲೆಗಳಿವೆ’ ಎಂದು ಕೇಳಿ ಆ ಸಂಖ್ಯೆಯ ಮೇಲೆ ನಿರ್ಧಾರ ಮಾಡಿದವರಲ್ಲ. ಮುಂದೆ ಬರಬಹುದಾದ ಸಂಪತ್ತನ್ನೂ ಸಂಚಾರವನ್ನೂ ಗಣಿಸಿ ಮಾರ್ಗವನ್ನು ಮೊದಲು ತೆರೆದರು, ಜನ ಹಿಂದಿನಿಂದ ಬಂದರು. ಹೀಗಿರಲಾಗಿ, ನಗರಕ್ಕೆ ಅನ್ವಯಿಸಿದ ಈ ದೂರದೃಷ್ಟಿಯನ್ನು ಹಳ್ಳಿಯ ವಿಷಯದಲ್ಲಿ ಮಾತ್ರ ಕೈಬಿಟ್ಟು, ಅದು ಇಂದು ಎಷ್ಟು ಚಿಕ್ಕದಾಗಿದೆಯೋ ಆ ಚಿಕ್ಕತನವನ್ನೇ ಕಾರಣವಾಗಿ ತೋರಿಸಿ ದಾರಿಯನ್ನು ನಿರಾಕರಿಸುವುದು ನ್ಯಾಯವೇ ಎಂಬುದು ನಾನಿಲ್ಲಿ ವಿಚಾರಕ್ಕೆ ತೆಗೆದುಕೊಂಡ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಅದು ನ್ಯಾಯವಲ್ಲ. ದಾರಿಯ ಅರ್ಹತೆಯನ್ನು ಜನಸಂಖ್ಯೆಯಿಂದಲ್ಲ, ಮನುಷ್ಯನು ಆಸ್ಪತ್ರೆಗೂ ಶಾಲೆಗೂ ಸಂತೆಗೂ ಎಷ್ಟು ದೂರವಾಗಿದ್ದಾನೆಂಬುದರಿಂದ ನಿರ್ಣಯಿಸತಕ್ಕದ್ದು.

ವಿಶಾಖಪಟ್ಟಣದಿಂದ ಪಶ್ಚಿಮಕ್ಕೆ ತಿರುಗಿದರೆ ಪೂರ್ವಘಟ್ಟಗಳು ಎದುರಾಗುತ್ತವೆ. ಅನಂತಗಿರಿ, ಅರಕು, ಪಾಡೇರು, ಚಿಂತಪಲ್ಲಿ, ಮುಂಚಿಂಗಿಪುಟ್ಟು ಮೊದಲಾದ ಈ ನಾಡನ್ನು ಅಲ್ಲಿಯ ಜನ ಮನ್ಯವೆಂದೂ, ಸರಕಾರದವರು ಹಳೆಯ ರೂಢಿಯಂತೆ ಏಜೆನ್ಸಿಯೆಂದೂ ಕರೆಯುತ್ತಾರೆ. 2022ರ ಏಪ್ರಿಲಿನಲ್ಲಿ ಜಿಲ್ಲೆಗಳನ್ನು ಮರುವಿಂಗಡಿಸಿದಾಗ ಇದರ ಬಹುಭಾಗ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯಾಯಿತು. ಬಗತ, ಕೊಂಡದೊರ, ಕೋಂದ್, ಪೋರ್ಜ, ಗದಬ ಮುಂತಾದ ಜನವರ್ಗಗಳು ಇಲ್ಲಿ ಝರಿಯ ನೀರನ್ನೂ, ಕುಮರಿ ಬೇಸಾಯದ ಇಳಿಜಾರನ್ನೂ ಅನುಸರಿಸಿ ಹತ್ತಿಪ್ಪತ್ತು ಮನೆಗಳ ಕೇರಿಗಳಾಗಿ ಚದುರಿಕೊಂಡು ವಾಸಿಸುತ್ತವೆ. ಕೃಷ್ಣೆಯ ಮುಖಜಭೂಮಿಯಲ್ಲಾದರೋ ಕಾಲುವೆಯ ಎರಡೂ ಬದಿಗೆ ಸಾವಿರಾರು ಜನರ ತುಂಬಿದ ಊರುಗಳು. ಎರಡೂ ಭೂಮಿಯ ಗುಣಕ್ಕೆ ತಕ್ಕ ನೆಲಸುವಿಕೆಯ ರೀತಿಗಳೇ ಹೊರತು ಒಂದು ಹೆಚ್ಚು, ಒಂದು ಕಡಿಮೆಯೆಂಬುದಿಲ್ಲ. ಆದರೂ ಒಂದೇ ಅಳತೆಗೋಲು ಎರಡಕ್ಕೂ ಬಿದ್ದಾಗ ಗುಡ್ಡದವನು ಸೋಲುತ್ತಾನೆ.

ಈ ಗುಡ್ಡಗಳಿಗೆ ಮಾರ್ಗವೇ ಬಂದಿಲ್ಲವೆಂದರೆ ಸುಳ್ಳಾದೀತು. ಬಂದಿದೆ, ಆದರೆ ಯಾರ ಪ್ರಯೋಜನಕ್ಕಾಗಿ ಬಂದಿತೆಂಬುದನ್ನು ನೋಡಬೇಕು. 1920ರ ಸುಮಾರಿಗೆ ಗೂಡೆಮಿನ ಡೆಪ್ಯುಟಿ ತಹಶೀಲ್ದಾರನಾಗಿದ್ದ ಬಾಸ್ಟಿಯನ್ ಎಂಬಾತ ನರಸೀಪಟ್ಟಣದ ಕಡೆಯಿಂದ ಲಂಬಸಿಂಗಿಯ ಘಟ್ಟಕ್ಕೆ ರಸ್ತೆ ಕಡಿಸಿದಾಗ ಮಲೆಯ ಜನರನ್ನು ಬಲವಂತದಿಂದ ದುಡಿಸಿ, ಕೊಡಬೇಕಾದ ಕೂಲಿಯನ್ನು ಕೊಡದೆ ಹೋದನು. ಅದರಿಂದುಂಟಾದ ಕ್ಷೋಭೆಯೇ 1922ರ ಆಗಸ್ಟಿನಲ್ಲಿ ಚಿಂತಪಲ್ಲಿಯ ಪೊಲೀಸ್ ಠಾಣೆಯ ಮೇಲೆ ದಾಳಿಯಿಂದ ಮೊದಲಾದ ಅಲ್ಲೂರಿ ಸೀತಾರಾಮರಾಜುವಿನ ಬಂಡಾಯಕ್ಕೆ ಒಂದು ಮುಖ್ಯ ಕಾರಣವಾಯಿತು. ನಾಲ್ಕು ದಶಕಗಳ ತರುವಾಯ, ಬೈಲಾಡಿಲದ ಕಬ್ಬಿಣದ ಅದಿರನ್ನು ವಿಶಾಖಪಟ್ಟಣದ ಮೂಲಕ ಜಪಾನಿಗೆ ಸಾಗಿಸುವುದಕ್ಕೆಂದು, ಐವತ್ತಕ್ಕೂ ಹೆಚ್ಚು ಸುರಂಗಗಳನ್ನು ಕೊರೆದು, ಕೊತ್ತವಲಸದಿಂದ ಕಿರಂದುಲದವರೆಗೆ ಬ್ರಾಡ್‌ಗೇಜ್ ಹಳಿಯನ್ನು ಹಾಸಿದರು. ಸಮುದ್ರಮಟ್ಟಕ್ಕಿಂತ ಸಾವಿರ ಮೀಟರಿನಷ್ಟು ಎತ್ತರದಲ್ಲಿರುವ ಶಿಮಿಲಿಗುಡ ನಿಲ್ದಾಣದವರೆಗೆ ಅದಿರಿನ ಗಾಡಿಯನ್ನು ಏರಿಸಿ ಇಳಿಸಬಲ್ಲ ವಿದ್ಯೆಯೂ ಹಣವೂ ಈ ದೇಶಕ್ಕೆ 1960ರ ದಶಕದಲ್ಲಿಯೇ ಇದ್ದುವು. ಅದೇ ಬೆಟ್ಟದ ಸಾಲಿನಲ್ಲಿ ಗರ್ಭಿಣಿಯೊಬ್ಬಳನ್ನು ಇಳಿಸಲು ಇಂದಿಗೂ ಬಿದಿರ ಬೊಂಬೇ ಗತಿಯೆಂಬುದನ್ನು ನೆನೆದರೆ, ಕೊರತೆಯಿದ್ದುದು ಸಾಮರ್ಥ್ಯದಲ್ಲಲ್ಲವೆಂಬುದು ಸ್ಪಷ್ಟವಾಗುತ್ತದೆ.

ಡೋಲಿಯೆಂಬುದನ್ನು ಪತ್ರಿಕೆಯ ಚಿತ್ರದಲ್ಲಿ ನೋಡಿದವರು ಬಹುಮಂದಿ. ಅದರ ಕೆಲಸವೇನೆಂಬುದನ್ನು ತುಸು ಹತ್ತಿರದಿಂದ ನೋಡುವುದೊಳ್ಳೆಯದು. ಉದ್ದವಾದ ಬಿದಿರಿಗೆ ಸೀರೆಯನ್ನೋ ಕಂಬಳಿಯನ್ನೋ ಎರಡು ತುದಿಗೆ ಗಂಟುಹಾಕುತ್ತಾರೆ. ನೋವು ತಿನ್ನುತ್ತಿರುವವಳು ಅದರೊಳಗೆ ಮೈ ಮುದುರಿಕೊಂಡು ಮಲಗಬೇಕು, ಕಾಲು ಚಾಚುವಂತಿಲ್ಲ. ಮುಂದೊಬ್ಬ, ಹಿಂದೊಬ್ಬ ಹೆಗಲು ಕೊಡುತ್ತಾರೆ. ಹೆಗಲು ಬದಲಾಯಿಸಲು ಇನ್ನಷ್ಟು ಜನ ಜೊತೆಯಲ್ಲಿ ನಡೆಯುತ್ತಾರೆ. ಇಳಿಜಾರಿನಲ್ಲಿ ಮುಂದಿನವನು ಬೊಂಬನ್ನು ಎತ್ತಿ ಹಿಡಿಯದಿದ್ದರೆ ಭಾರವೆಲ್ಲ ಅವನ ಕಡೆಗೆ ಜಾರುತ್ತದೆ. ಹಳ್ಳ ಬಂದಾಗ ಸೊಂಟದುದ್ದದ ನೀರಿನಲ್ಲಿ ಡೋಲಿಯನ್ನು ತಲೆಯ ಮಟ್ಟಕ್ಕೆ ಎತ್ತಿ ದಾಟಬೇಕು. ಮಳೆಗಾಲದಲ್ಲಿ ಹಳ್ಳವಿಳಿಯುವವರೆಗೆ ಈಚೆ ದಡದಲ್ಲಿಯೇ ಕಾದು ನಿಲ್ಲಬೇಕು. ಡಾಂಬರು ರಸ್ತೆ ಮುಟ್ಟಿದಲ್ಲಿ 108 ವಾಹನ ನಿಂತಿರುತ್ತದೆ. ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿ ಆಗದಿದ್ದರೆ ಪಾಡೇರು, ಪಾಡೇರಿನಲ್ಲೂ ಆಗದಿದ್ದರೆ ನೂರು ಕಿಲೋಮೀಟರಿಗೂ ಮಿಕ್ಕ ದೂರದ ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆ. ಪ್ರಯಾಣದ ನೂರು ಕಿಲೋಮೀಟರಿಗಿಂತ ಮೊದಲ ಐದು ಕಿಲೋಮೀಟರೇ ಹೆಚ್ಚು ಹೊತ್ತು ತಿನ್ನುವುದೂ, ಹೆಚ್ಚು ಪ್ರಾಣಾಪಾಯಕರವಾಗಿರುವುದೂ ಇಲ್ಲಿಯ ವಿಶೇಷ. ಇದಕ್ಕೆ ಪರಿಹಾರವಾಗಿ ಸರಕಾರ 2018ರಲ್ಲಿ ಬೈಕ್ ಆಂಬುಲೆನ್ಸುಗಳನ್ನು ತಂದಿತು. ದಿನ ತುಂಬುತ್ತಿರುವ ಗರ್ಭಿಣಿಯರನ್ನು ಮುಂಚಿತವಾಗಿ ಕರೆತಂದಿರಿಸುವ ವಸತಿಗೃಹಗಳನ್ನೂ ಏರ್ಪಡಿಸಿತು. ಇವು ಒಳ್ಳೆಯ ಕೆಲಸಗಳೇ. ಆದರೆ ಮನೆಯಲ್ಲಿ ಇನ್ನೆರಡು ಮಕ್ಕಳೂ ಕೊಟ್ಟಿಗೆಯಲ್ಲಿ ದನವೂ ಇರುವ ಹೆಂಗಸು ಹದಿನೈದು ದಿನ ಮುಂಚಿತವಾಗಿ ಊರು ಬಿಟ್ಟು ಬಂದು ಕೂರುವುದು ಎಷ್ಟು ಸುಲಭ? ಹಾವು ಕಡಿದವನಿಗೆ ಮುಂಚಿತವಾಗಿ ದಿನ ಗೊತ್ತಿರುವುದೇ?

ಈಗ ನಿಯಮದ ಕಡೆಗೆ ಬರೋಣ. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು ದೇಶದ ಹಳ್ಳಿಗಾಡಿಗೆ ಮಾಡಿದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆ. ಅದರ ನಿಯಮದಂತೆ ಬಯಲುಸೀಮೆಯಲ್ಲಿ ಐನೂರು, ಬೆಟ್ಟ, ಮರುಭೂಮಿ ಮತ್ತು ಐದನೆಯ ಅನುಸೂಚಿಯ ಬುಡಕಟ್ಟು ಪ್ರದೇಶಗಳಲ್ಲಿ ಇನ್ನೂರೈವತ್ತು ಜನರಿರುವ ನೆಲೆಗಳಿಗೆ ಸರ್ವಋತು ರಸ್ತೆ. ಅರ್ಧ ಕಿಲೋಮೀಟರಿನೊಳಗಿನ, ಗುಡ್ಡಗಾಡಿನಲ್ಲಾದರೆ ಕಾಲುಹಾದಿಯಲ್ಲಿ ಒಂದೂವರೆ ಕಿಲೋಮೀಟರಿನೊಳಗಿನ ಕೇರಿಗಳ ಜನಸಂಖ್ಯೆಯನ್ನು ಒಟ್ಟುಗೂಡಿಸಿ ಲೆಕ್ಕ ಹಿಡಿಯಬಹುದು. ನಕ್ಸಲೀಯ ಹಾವಳಿ ತೀವ್ರವಾಗಿದ್ದ ತಾಲ್ಲೂಕುಗಳಲ್ಲಿ ಈ ಮಿತಿಯನ್ನು ನೂರಕ್ಕೆ ಇಳಿಸಿದರು. 2023ರ ನವೆಂಬರಿನಲ್ಲಿ ಅತಿ ದುರ್ಬಲ ಬುಡಕಟ್ಟುಗಳಿಗೆಂದು ಬಂದ ಜನಮನ್ ಯೋಜನೆಯಲ್ಲಿಯೂ ನೂರೇ ಮಿತಿ. 2024ರಲ್ಲಿ ಮಂಜೂರಾದ ಸಡಕ್ ಯೋಜನೆಯ ನಾಲ್ಕನೆಯ ಘಟ್ಟವು ಇನ್ನೂ ಇಪ್ಪತ್ತೈದು ಸಾವಿರ ನೆಲೆಗಳನ್ನು ತಲುಪುವ ಉದ್ದೇಶವುಳ್ಳದ್ದು. ಅದು ಆಧರಿಸುವ ಜನಸಂಖ್ಯೆ 2011ರದು. ಆಂಧ್ರ ಸರಕಾರವೂ 2025ರಲ್ಲಿ ‘ಅಡವಿ ತಲ್ಲಿ ಬಾಟ’ ಎಂಬ ಹೆಸರಿನಿಂದ ಗಿರಿಜನರ ಕೇರಿಗಳಿಗೆ ರಸ್ತೆ ಹಾಕುವ ಕಾರ್ಯವನ್ನು ಕೈಗೊಂಡಿತು.

ಈ ನಿಯಮಾವಳಿಯಲ್ಲಿ ನನ್ನನ್ನು ಕಾಡುವ ಸಂಗತಿಗಳು ಎರಡು. ಶಾಂತವಾಗಿರುವ ಗುಡ್ಡದ ಕೇರಿಗೆ ಇನ್ನೂರೈವತ್ತು ಜನ ಬೇಕು, ಬಂದೂಕಿನ ಸದ್ದು ಕೇಳಿಬಂದ ಕೇರಿಗೆ ನೂರು ಸಾಕು ಎಂದಾದರೆ, ದಾರಿಯನ್ನು ಪ್ರಜೆಯ ಹಕ್ಕೆಂದು ಕೊಟ್ಟಂತಾಯಿತೋ, ಅಶಾಂತಿಯ ಔಷಧವೆಂದು ಕೊಟ್ಟಂತಾಯಿತೋ? ಹಾಗೆಯೇ, ಇಂದಿನ ಅನಕಾಪಲ್ಲಿ ಜಿಲ್ಲೆಯ ರೋಲುಗುಂಟ, ರಾವಿಕಮತಂ ಮಂಡಲಗಳ ಬೆಟ್ಟದ ನೆತ್ತಿಯ ಕೇರಿಗಳಲ್ಲಿ ಅದೇ ಗಿರಿಜನರು ಅದೇ ಬಾಳನ್ನು ಬಾಳುತ್ತಿದ್ದರೂ ಅವರು ಅನುಸೂಚಿತ ಪ್ರದೇಶದ ಗೆರೆಯ ಆಚೆಗೆ ಬಿದ್ದಿರುವುದರಿಂದ, ತಮ್ಮನ್ನು ಗೆರೆಯೊಳಕ್ಕೆ ಸೇರಿಸಿರೆಂದು ವರ್ಷಗಳಿಂದ ಮೊರೆಯಿಡುತ್ತಿದ್ದಾರೆ. ಬೆಟ್ಟದ ಎತ್ತರ ಗೆರೆಯ ಈಚೆಗೂ ಆಚೆಗೂ ಒಂದೇ.

ತಲೆಯೆಣಿಸುವ ಈ ಪದ್ಧತಿ ಅನಾದಿಯಲ್ಲ ಎಂಬುದನ್ನು ಓದುಗರು ಗಮನಿಸಬೇಕು. 1943ರಲ್ಲಿ ದೇಶದ ಮುಖ್ಯ ಎಂಜಿನಿಯರುಗಳು ನಾಗಪುರದಲ್ಲಿ ಸೇರಿ ರಸ್ತೆಗಳ ಯೋಜನೆಯನ್ನು ರಚಿಸಿದಾಗ, ಸಾಗುವಳಿ ಚೆನ್ನಾಗಿರುವ ಸೀಮೆಯಲ್ಲಿ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ ಐದು ಮೈಲಿಗಿಂತ ದೂರವಿರಕೂಡದೆಂಬುದೇ ಅವರ ಸೂತ್ರವಾಗಿದ್ದಿತು. 1961ರಿಂದ ಮುಂದಿನ ಇಪ್ಪತ್ತು ವರ್ಷಗಳಿಗೆಂದು ಹಾಕಿದ ಮುಂಬಯಿ ಯೋಜನೆ ಆ ಅಂತರವನ್ನು ನಾಲ್ಕು ಮೈಲಿಗೆ ಇಳಿಸಿ, ಯಾವುದಾದರೊಂದು ಬಗೆಯ ರಸ್ತೆ ಒಂದೂವರೆ ಮೈಲಿಯೊಳಗೇ ಇರಬೇಕೆಂದು ಸೇರಿಸಿತು. ಅಲ್ಲಿ ಕೇಳಿದ ಪ್ರಶ್ನೆ ‘ಎಷ್ಟು ದೂರ’ ಎಂಬುದು. ಐದನೆಯ ಪಂಚವಾರ್ಷಿಕ ಯೋಜನೆಯ ಕನಿಷ್ಠ ಅಗತ್ಯಗಳ ಕಾರ್ಯಕ್ರಮದಲ್ಲಿ ಸಾವಿರದೈನೂರಕ್ಕೆ ಮೇಲ್ಪಟ್ಟ ಜನರುಳ್ಳ ಹಳ್ಳಿಗಳಿಗೆ ಮೊದಲು ಎಂದಾದ ಮೇಲೆ ಪ್ರಶ್ನೆ ‘ಎಷ್ಟು ಜನ’ ಎಂದು ಮಾರ್ಪಟ್ಟಿತು. ಹಣ ಕಡಿಮೆಯಿದ್ದಾಗ ಸರದಿಯನ್ನು ನಿಶ್ಚಯಿಸಲು ಹುಟ್ಟಿದ ಉಪಾಯ ಅದು. ಸರದಿಯ ಉಪಾಯವು ಕಾಲಕ್ರಮದಲ್ಲಿ ಅರ್ಹತೆಯ ಲಕ್ಷಣವೇ ಆಗಿ ಕುಳಿತದ್ದು ಆಡಳಿತದಲ್ಲಿ ಆಗಾಗ್ಗೆ ಸಂಭವಿಸುವ ವಿಪರ್ಯಾಸ.

ಇದರ ಪರಿಣಾಮವಾದರೂ ಏನು? ದಾರಿಯಿಲ್ಲದ ಕೇರಿಯ ಹುಡುಗ ಐದನೆಯ ತರಗತಿಯಾದೊಡನೆ ಆಶ್ರಮಶಾಲೆಯನ್ನು ಸೇರುತ್ತಾನೆ, ಇಲ್ಲವೇ ಓದು ಬಿಡುತ್ತಾನೆ. ಸಂತೆಯ ದಿನ ಬೆಳಗಿನ ಜಾವಕ್ಕೇ ಅರಿಸಿನ, ಹುಣಿಸೆ, ಮೆಣಸು, ರಾಜ್ಮಾಗಳನ್ನು ತಲೆಯ ಮೇಲೆ ಹೊತ್ತು ಇಳಿದು ಬಂದ ಹೆಂಗಸು, ಸಂಜೆಯೊಳಗೆ ಬರಿಗೈಯಲ್ಲಿ ಬೆಟ್ಟ ಹತ್ತಲೇಬೇಕಾಗಿರುವುದರಿಂದ, ವ್ಯಾಪಾರಿ ಹೇಳಿದ ಬೆಲೆಗೆ ಒಪ್ಪುತ್ತಾಳೆ. ಮಾರದ ಮೂಟೆಯನ್ನು ಮತ್ತೆ ಹೊತ್ತುಕೊಂಡು ಹೋಗುವ ಶಕ್ತಿ ಯಾರಿಗಿದೆ? 1956ರಲ್ಲಿ ವಿಶಾಖಪಟ್ಟಣವನ್ನು ಕೇಂದ್ರವಾಗಿಸಿಕೊಂಡು ಸ್ಥಾಪಿತವಾದ ಗಿರಿಜನ ಸಹಕಾರ ಸಂಸ್ಥೆ ಇಂಥ ಶೋಷಣೆಯನ್ನು ತಡೆಯಲೆಂದೇ ಹುಟ್ಟಿದುದು. ಆದರೆ ಅದರ ತಕ್ಕಡಿ ತಲುಪದ ಕೇರಿಗೆ ಅದರ ಬೆಲೆಯೂ ತಲುಪದು. ಹೀಗೆ ವರ್ಷ ವರ್ಷವೂ ಒಂದೆರಡು ಕುಟುಂಬ ಕೆಳಗಿನ ರಸ್ತೆಯ ಬದಿಗೆ ಗುಡಿಸಲು ಹಾಕಿಕೊಳ್ಳುತ್ತವೆ, ಹರೆಯದವರು ಕೂಲಿಗಾಗಿ ವಿಶಾಖಪಟ್ಟಣದ ಕಡೆಗೂ ವಿಜಯವಾಡದ ಕಡೆಗೂ ಹೊರಡುತ್ತಾರೆ. ಮುನ್ನೂರಿದ್ದುದು ಇನ್ನೂರಾದ ಕೇರಿ ಮಿತಿಯಿಂದ ಹೊರಗಾಗುತ್ತದೆ. ದಾರಿಯಿಲ್ಲದ್ದರಿಂದ ಜನ ಕಡಿಮೆಯಾಗುವುದು, ಜನ ಕಡಿಮೆಯಾದ್ದರಿಂದ ದಾರಿ ಇಲ್ಲದಾಗುವುದು: ಈ ವರ್ತುಲದ ಕೊನೆ ನಮ್ಮ ಕಂದಾಯದ ಕಡತಗಳಲ್ಲಿ ಬೇಚಿರಾಕ್, ಎಂದರೆ ಜನರಿಲ್ಲದ, ಗ್ರಾಮವೆಂದು ನಮೂದಾಗುವುದೇ. 2011ರ ಗಣತಿಯ ಪಟ್ಟಿಯಲ್ಲಿದ್ದ ಆರು ಲಕ್ಷ ನಲವತ್ತು ಸಾವಿರದಷ್ಟು ಹಳ್ಳಿಗಳ ಪೈಕಿ ನಲವತ್ತು ಸಾವಿರಕ್ಕೂ ಮಿಕ್ಕು ಜನವಸತಿಯಿಲ್ಲದವಾಗಿದ್ದುವು. ಅವೆಲ್ಲವೂ ದಾರಿಯಿಲ್ಲದೆ ಬರಿದಾದುವೆಂದು ನಾನು ಹೇಳಲಾರೆ. ಮುಳುಗಡೆ, ಬರ, ಬೇನೆಗಳ ಕಥೆಗಳೂ ಅವುಗಳೊಳಗೆ ಸೇರಿರುವುವು.

ಇಲ್ಲಿ ಒಂದು ಗಂಭೀರವಾದ ಆಕ್ಷೇಪವಿದೆ. ಅರವತ್ತು ಜನರ ಕೇರಿಗಾಗಿ ಬೆಟ್ಟ ಕಡಿದು ಎಂಟು ಕಿಲೋಮೀಟರ್ ರಸ್ತೆ ಮಾಡುವ ಹಣದಲ್ಲಿ ಬಯಲಿನ ಆರು ಸಾವಿರ ಜನಕ್ಕೆ ಸೌಕರ್ಯ ಒದಗಿಸಬಹುದಲ್ಲವೆ, ಆ ಅರವತ್ತು ಜನರನ್ನೇ ಕೆಳಗಿಳಿಸಿ ಕೂರಿಸಿದರೆ ಸುಲಭವಲ್ಲವೆ ಎಂದು ವಿವೇಕಿಗಳೇ ಕೇಳುತ್ತಾರೆ. ಬಡ ಬೊಕ್ಕಸವುಳ್ಳ ರಾಜ್ಯದಲ್ಲಿ ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಆದರೆ ಕೆಳಗಿಳಿದವನಿಗೆ ಭೂಮಿ ಎಲ್ಲಿದೆ? ಅವನ ಕಾಫಿ ಗಿಡ, ಅರಣ್ಯ ಹಕ್ಕಿನ ಪಟ್ಟಾ, ಹಿರಿಯರ ಗೋರಿ ಎಲ್ಲವೂ ಮೇಲಿವೆ. ‘ಇಳಿಸಿ ಕೂರಿಸುವ’ ಪ್ರಯೋಗದ ಫಲವನ್ನು ಈ ಪ್ರಾಂತ ಒಮ್ಮೆ ಉಂಡಿದೆ: 1955ರಲ್ಲಿ ವಿದ್ಯುತ್ತನ್ನು ಕೊಡತೊಡಗಿದ ಮಚ್ಕುಂಡ್ ಯೋಜನೆಗಾಗಿ ಆಂಧ್ರ ಒಡಿಶಾ ಗಡಿಯ ಸಾವಿರಾರು ಕುಟುಂಬಗಳು ನೆಲೆ ತಪ್ಪಿದುವು. ಅದರಾಚೆ ಬಾಲಿಮೆಲ ಜಲಾಶಯ ತುಂಬಿದಾಗ ಮಲ್ಕಾನ್‌ಗಿರಿಯ ನೂರೈವತ್ತರಷ್ಟು ಹಳ್ಳಿಗಳು ನೀರಿನಾಚೆ ಸಿಕ್ಕಿ, 2018ರಲ್ಲಿ ಗುರುಪ್ರಿಯಾ ಸೇತುವೆಯಾಗುವವರೆಗೆ ದೋಣಿಯನ್ನೇ ನೆಚ್ಚಿಕೊಂಡಿದ್ದುವು. ಕನ್ನಡಿಗರಿಗೆ ಇದು ಪರರ ಕಥೆಯಲ್ಲ. ಲಿಂಗನಮಕ್ಕಿಯ ಹಿನ್ನೀರು ಏರಿದಂದಿನಿಂದ ತುಮರಿಯ ಸುತ್ತಣ ಕರೂರು ಬಾರಂಗಿ ಹೋಬಳಿಗಳ ಜನ, ನಾಡಿಗೆ ಬೆಳಕು ಕೊಡಲು ತಮ್ಮ ಗದ್ದೆ ತೋಟಗಳನ್ನು ಬಿಟ್ಟುಕೊಟ್ಟವರು, ಆರು ದಶಕಗಳ ಕಾಲ ಲಾಂಚಿನ ವೇಳೆಗೆ ತಮ್ಮ ಬೇನೆಯನ್ನೂ ಪರೀಕ್ಷೆಯನ್ನೂ ಮದುವೆಯನ್ನೂ ಹೊಂದಿಸಿಕೊಂಡು ಬಾಳಿದರು. ಅಂಬಾರಗೋಡ್ಲು ಕಳಸವಳ್ಳಿಗಳ ನಡುವಣ ಎರಡು ಕಿಲೋಮೀಟರಿಗೂ ಮಿಕ್ಕ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಆ ಸೇತುವೆಯ ಖರ್ಚನ್ನು ಆಚೆ ದಡದ ತಲೆಗಳಿಂದ ಭಾಗಿಸಿ ನೋಡುವವನು, ಆ ಜನ ಅರವತ್ತು ವರ್ಷ ಬೇರೆಯವರಿಗೆ ಕೊಟ್ಟುದನ್ನು ಯಾವ ಲೆಕ್ಕದಲ್ಲಿ ಬರೆಯುವನು?

ಖರ್ಚಿನ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ. ಕೇರಿಕೇರಿಗೂ ಲಾರಿ ಓಡುವ ಡಾಂಬರು ರಸ್ತೆಯೇ ಆಗಬೇಕೆಂದು ಯಾರೂ ಕೇಳುತ್ತಿಲ್ಲ. ಮಳೆಗಾಲದಲ್ಲೂ ಜೀಪೊಂದು ಹತ್ತಿಳಿಯುವಂತೆ ಗಟ್ಟಿಮಾಡಿದ ಮಣ್ಣುಹಾದಿ, ಹಳ್ಳಕ್ಕೊಂದು ಮೋರಿ, ಹೊಳೆಗೊಂದು ಕಾಲುಸಂಕ, ಇಷ್ಟಾದರೆ ಡೋಲಿಯ ಮುಕ್ಕಾಲು ಪಾಲು ದೂರ ಕಳೆಯುತ್ತದೆ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದ್ದು ಯಾವ ಮಹಾಯೋಜನೆಯ ಅಂಗವಾಗಿಯೂ ಅಲ್ಲ, ಊರವರ ಕೋರಿಕೆಯ ಮೇಲೆ. ಆಮೇಲೆ ನೂರಕ್ಕೂ ಹೆಚ್ಚು ಅಂಥ ಸೇತುವೆಗಳು ಅವರ ಕೈಯಿಂದಾದುವು. ಅರಣ್ಯದ ಕಾನೂನು ಅಡ್ಡಿಯೆಂಬ ಮಾತೂ ಪೂರ್ಣ ಸತ್ಯವಲ್ಲ: 2006ರ ಅರಣ್ಯ ಹಕ್ಕು ಕಾಯಿದೆಯೇ, ಒಂದು ಹೆಕ್ಟೇರಿಗಿಂತ ಕಡಿಮೆ ಭೂಮಿಯಲ್ಲಿ, ಹೆಕ್ಟೇರಿಗೆ ಎಪ್ಪತ್ತೈದಕ್ಕೆ ಮೀರದ ಮರಗಳನ್ನು ಕಡಿದು, ಗ್ರಾಮಸಭೆಯ ಶಿಫಾರಸಿನ ಮೇಲೆ ರಸ್ತೆ ಮೊದಲಾದ ಸೌಕರ್ಯಗಳನ್ನು ಮಾಡಲು ಎಡೆಗೊಟ್ಟಿದೆ.

ದಾರಿಯೊಡನೆ ಸುಲಿಗೆಯೂ ಬರುತ್ತದೆಂಬ ಭಯ ಮಾತ್ರ ನಿರಾಧಾರವಲ್ಲ. ಅನಂತಗಿರಿ ಮಂಡಲದ ಬೊರ್ರಾ ಪ್ರದೇಶದಲ್ಲಿ ಗಣಿಗಳಿಗೆ ಗುತ್ತಿಗೆ ಕೊಟ್ಟುದನ್ನು ಪ್ರಶ್ನಿಸಿ ಸಮತಾ ಸಂಸ್ಥೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1997ರಲ್ಲಿ ಜಯ ಪಡೆಯಬೇಕಾಯಿತು. ಗಿರಿಜನರ ಭೂಮಿ ಪರರ ಪಾಲಾಗದಂತೆ ತಡೆಯುವ 1970ರ ತಿದ್ದುಪಡಿ ಇರದಿದ್ದರೆ ಅರಕಿನ ರಸ್ತೆಬದಿಯ ನೆಲ ಇಷ್ಟು ಹೊತ್ತಿಗೆ ಯಾರದಾಗಿರುತ್ತಿತ್ತೋ ಊಹಿಸಬಹುದು. ಆದರೆ ಈ ಭಯಕ್ಕೆ ಮದ್ದು ಕಾನೂನನ್ನು ಬಿಗಿಯಾಗಿ ನಡೆಸುವುದು, ರೋಗಿಯನ್ನು ಬೆಟ್ಟದ ಮೇಲೆಯೇ ಬಿಡುವುದಲ್ಲ.

ಜನಸಂಖ್ಯೆಯಿದ್ದರೆ ದಾರಿ ತಾನಾಗಿ ದೊರೆಯುವುದೆಂಬ ನಂಬಿಕೆಯೂ ಸುಳ್ಳೆಂಬುದಕ್ಕೆ ಕೃಷ್ಣೆಯ ಮುಖಜಭೂಮಿಯಲ್ಲಿಯೇ ನಿದರ್ಶನವಿದೆ. ವಿಜಯವಾಡದಿಂದ ಕೆಳಗೆ, ನದಿ ಸಮುದ್ರವನ್ನು ಸೇರುವಲ್ಲಿ, ನಾಗಾಯಲಂಕ ಮಂಡಲದ ಎದುರುಮೊಂಡಿ ದ್ವೀಪದಲ್ಲಿ ಸಾವಿರಾರು ಜನರಿದ್ದಾರೆ. ಅವರಿಗೆ ಪಂಟೆಂಬ ದೋಣಿಯ ಹೊರತು ಹಾದಿಯಿಲ್ಲದೆ ಸೇತುವೆಯ ಬೇಡಿಕೆ ದಶಕಗಳಿಂದ ನಡೆದುಬಂದಿದೆ. 1977ರ ನವೆಂಬರ್ 19ರ ಚಂಡಮಾರುತ ಆ ದ್ವೀಪವನ್ನೊಳಗೊಂಡ ದಿವಿಸೀಮೆಯಲ್ಲಿ ಸಾವಿರಗಟ್ಟಲೆ ಜೀವಗಳನ್ನು ಕೊಂಡೊಯ್ದ ನೆನಪು ಆ ಕಡೆ ಇನ್ನೂ ಹಸಿಯಾಗಿಯೇ ಇದೆ. ಬೇಡಿಕೆಯನ್ನು ಕೇಳುವವರಾರು, ತೀರ್ಮಾನಿಸುವವರಾರು ಎಂಬುದೂ ಇಲ್ಲಿ ಮುಖ್ಯ. ಇದೇ ಕೃಷ್ಣಾ ಜಿಲ್ಲೆಯ ಬಸ್ಸುಗಳನ್ನು ಸರಕಾರ ತನ್ನ ಕೈಗೆ ತೆಗೆದುಕೊಳ್ಳಹೊರಟಾಗ, ಆಕ್ಷೇಪಗಳನ್ನು ಆಲಿಸಿದವರು ಕಾರ್ಯದರ್ಶಿ, ತೀರ್ಮಾನಿಸಿದವರು ಮುಖ್ಯಮಂತ್ರಿ ಎಂಬ ಕಾರಣಕ್ಕೆ ಸರ್ವೋಚ್ಚ ನ್ಯಾಯಾಲಯ 1958ರಲ್ಲಿ, ಗುಲ್ಲಪಲ್ಲಿ ನಾಗೇಶ್ವರರಾವ್ ಮೊಕದ್ದಮೆಯಲ್ಲಿ, ಆ ನಡವಳಿಯನ್ನು ಒಪ್ಪದೆ ಹೋಯಿತು. ಕೇಳಿದವರೇ ತೀರ್ಮಾನಿಸಬೇಕೆಂಬ ಆ ತತ್ತ್ವ ಬಸ್ಸಿನ ಮಾಲೀಕರಿಗೆ ದೊರಕಿತು. ಮನ್ಯದ ಕೇರಿಯವನ ಅರ್ಜಿಯನ್ನು ಮಂಡಲದ ಕಚೇರಿಯಲ್ಲಿ ಕೇಳುವವರೊಬ್ಬರು, ಅದರ ಹಣೆಬರಹವನ್ನು ದೂರದ ರಾಜಧಾನಿಯಲ್ಲಿ ಬರೆಯುವವರು ಇನ್ನೊಬ್ಬರು.

ರಸ್ತೆಯಾದ ಮೇಲೂ ಬಸ್ಸು ಬಾರದಿದ್ದರೆ ಕೆಲಸ ಅರ್ಧವೇ. ವಿಜಯವಾಡದಲ್ಲಿ ಮುಖ್ಯ ಕಚೇರಿಯುಳ್ಳ ಆಂಧ್ರದ ಸಾರಿಗೆ ಸಂಸ್ಥೆಯ ‘ಪಲ್ಲೆವೆಲುಗು’ ಬಸ್ಸುಗಳಲ್ಲೂ ಇತರ ಕೆಲವು ಬಗೆಯ ಬಸ್ಸುಗಳಲ್ಲೂ 2025ರ ಆಗಸ್ಟ್ 15ರಿಂದ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ನಮ್ಮ ಕರ್ನಾಟಕದಲ್ಲಿ ಶಕ್ತಿ ಯೋಜನೆ 2023ರ ಜೂನ್ 11ರಿಂದಲೇ ನಡೆಯುತ್ತಿದೆ. ಎರಡೂ ಸ್ವಾಗತಾರ್ಹವಾದವು. ಆದರೆ ಬಸ್ಸೇ ಹತ್ತದ ಬೆಟ್ಟದ ಹೆಂಗಸು ಷೇರ್ ಆಟೋದವನಿಗೂ ಜೀಪಿನವನಿಗೂ ಪೂರ್ತಿ ಹಣ ತೆರುತ್ತಾಳೆ. ಬೊಕ್ಕಸದಿಂದ ಹರಿಯುವ ಸಹಾಯಧನ ಈಗಾಗಲೇ ದಾರಿಯಿರುವವರ ಕಡೆಗೇ ಹರಿಯುತ್ತದೆ. ಸಂತೆಯ ದಿನಕ್ಕೊಂದು, ಶಾಲೆಯ ವೇಳೆಗೊಂದು ಚಿಕ್ಕ ಬಸ್ಸನ್ನಾದರೂ ಘಟ್ಟದ ಮೇಲಕ್ಕೆ ಓಡಿಸಿ, ಅದರ ನಷ್ಟವನ್ನು ಅದೇ ಸಹಾಯಧನದಲ್ಲಿ ತುಂಬಿಕೊಡುವುದು ಅಸಾಧ್ಯವೇನಲ್ಲ.

2027ರ ಮಾರ್ಚ್ 1ನ್ನು ಆಧಾರದಿನವಾಗಿಟ್ಟುಕೊಂಡು ಮುಂದಿನ ಜನಗಣತಿ ನಡೆಯಬೇಕಾಗಿದೆ. ಗಣತಿಯ ಜಿಲ್ಲಾ ಕೈಪಿಡಿಯ ಗ್ರಾಮಸೂಚಿಯಲ್ಲಿ ಒಂದು ಕಂದಾಯ ಗ್ರಾಮಕ್ಕೆ ಒಂದೇ ಸಾಲು. ಬಸ್ಸು ಊರಿನಲ್ಲಿಲ್ಲವಾದರೆ ಅದು ಐದು ಕಿಲೋಮೀಟರಿನೊಳಗೆ ದೊರೆಯುವುದಾದರೆ ‘ಎ’, ಹತ್ತರೊಳಗಾದರೆ ‘ಬಿ’, ಅದಕ್ಕೂ ಆಚೆಯಾದರೆ ‘ಸಿ’ ಎಂದು ಒಂದಕ್ಷರ. ಮುಖ್ಯ ಊರಿಗೆ ರಸ್ತೆಯಿದ್ದರೆ ಗ್ರಾಮಕ್ಕೇ ರಸ್ತೆಯಿದೆಯೆಂದಾಯಿತು. ಅದೇ ಗ್ರಾಮಕ್ಕೆ ಸೇರಿದ, ಎರಡು ಹಳ್ಳಗಳಾಚೆಯ ನಾಲ್ಕು ಕೇರಿಗಳು ಆ ಸಾಲಿನೊಳಗೆ ಅಡಗಿಹೋಗುತ್ತವೆ. ಈ ಬಾರಿ ಪ್ರತಿಯೊಂದು ಕೇರಿಯನ್ನೂ ಬೇರೆಯಾಗಿ ಬರೆದು, ಅಲ್ಲಿಂದ ವಾಹನ ನಿಲ್ಲುವ ಸ್ಥಳಕ್ಕೆ ಮಳೆಗಾಲದಲ್ಲಿ ಎಷ್ಟು ಹೊತ್ತಿನ ಕಾಲ್ನಡಿಗೆ ಎಂಬುದನ್ನು ದಾಖಲಿಸಬೇಕು. ಸಡಕ್ ಯೋಜನೆಯ ಸರದಿಯನ್ನು ಆ ಹೊತ್ತಿನ ಇಳಿಕೆಯ ಕ್ರಮದಲ್ಲಿ, ಅತಿ ದೂರದವನಿಗೆ ಮೊದಲು ಎಂಬಂತೆ, ಗೊತ್ತುಪಡಿಸಬೇಕು. ಎಣಿಕೆದಾರನು ಹೇಗೂ ಆ ಕೇರಿಗಳಿಗೆ ನಡೆದೇ ಹೋಗುವವನಾದುದರಿಂದ ಇದಕ್ಕಾಗಿ ಬೇರೆ ಸಮೀಕ್ಷೆಯೂ ಬೇಕಿಲ್ಲ, ಬೇರೆ ಖರ್ಚೂ ಬೀಳದು.